ಕಪ್ಪಾದ ಚಿಲ್ಲಿ ಸಾಸ್ ಎಸೆಯುವ ಮುನ್ನ

ಬಣ್ಣ ಗಾಢವಾಯ್ತು ಅಂತ ಚಿಲ್ಲಿ ಸಾಸ್ ಎಸೀಬೇಡಿ. ಟಬಾಸ್ಕೊ ಥರ ಬರೀ ಮೆಣಸಿನಕಾಯಿ, ವಿನೆಗರ್, ಉಪ್ಪು ಇರುವ ತೆಳು ಸಾಸ್ ಗಾಳಿ-ಬೆಳಕಿಗೆ ಕಂದುತ್ತೆ ಅಷ್ಟೆ, ಕೆಟ್ಟಿರಲ್ಲ. ಮುಚ್ಚಳ ತೆಗೆದ ಮೇಲೆ ಹೊರಗಿಟ್ಟರೂ 6 ತಿಂಗಳಿಗೆ ಮೋಸವಿಲ್ಲ, ಫ್ರಿಜ್‌ನಲ್ಲಿ ಇನ್ನೂ ಹೆಚ್ಚು. ಹಣ್ಣು, ಬೆಳ್ಳುಳ್ಳಿ, ಸಕ್ಕರೆ ಬೆರೆತ ಗಟ್ಟಿ ಸಾಸನ್ನು ಮಾತ್ರ ತೆಗೆದ ದಿನವೇ ಫ್ರಿಜ್‌ಗೆ ಸೇರಿಸಿ.

ಮನೆಯ ರಂಜಕಕ್ಕೆ (ಕೆಂಪು ಮೆಣಸಿನಕಾಯಿ ಚಟ್ನಿ) ಕಾವಲು ಅಂದ್ರೆ ಉಪ್ಪು, ನಿಂಬೆರಸ. ಖಾರ ಜಾಸ್ತಿ ಇದ್ರೆ ಕೆಡಲ್ಲ ಅನ್ನೋದು ಬರೀ ನಂಬಿಕೆ, ಕಾಯೋದು ಹುಳಿ. ಒದ್ದೆ ಚಮಚ ಹಾಕಬೇಡಿ (ನಮ್ಮನೇಲಿ ಒಂದು ಭರಣಿ ಹಾಗೇ ಹೋಯ್ತು). ಬೂಷ್ಟು ಕಂಡರೆ ಮೇಲಿನದಷ್ಟೇ ತೆಗೆದು ಉಳಿದದ್ದು ತಿನ್ನೋದು ಬೇಡ, ಪೂರ್ತಿ ಚೆಲ್ಲಿ. ಅಂಗಡಿ ಬಾಟಲಿಯ ಮುಚ್ಚಳ ಉಬ್ಬಿದ್ದರೂ ಅಷ್ಟೇ.