ಬೆಕ್ಕಿಗೆ ಶುಗರ್ ಬಂದಾಗ: ಅಮೆರಿಕದಲ್ಲಿ ಇನ್ಸುಲಿನ್ ನಿಭಾಯಿಸುವುದು ಹೇಗೆ

ಬೆಕ್ಕಿಗೆ ಡಯಾಬಿಟಿಸ್ ಇದೆ ಎಂದು ವೆಟ್, ಅಂದರೆ ಪ್ರಾಣಿಗಳ ಡಾಕ್ಟರು, ಹೇಳಿದ ದಿನ ಎರಡು ಹೆದರಿಕೆ ಒಟ್ಟಿಗೇ ಬರುತ್ತವೆ. ದಿನಕ್ಕೆ ಎರಡು ಸಲ ಸೂಜಿ ಚುಚ್ಚಬೇಕು ಅನ್ನುವುದು ಒಂದು. ಇದಕ್ಕೆಲ್ಲ ಎಷ್ಟು ಡಾಲರ್ ಆಗುತ್ತೋ ಅನ್ನುವುದು ಇನ್ನೊಂದು. ಮೊದಲನೆಯದು ಒಂದು ವಾರದಲ್ಲಿ ಹೋಗುತ್ತದೆ. ಸೂಜಿ ಅಷ್ಟು ಸಣ್ಣ, ಬಟ್ಟಲಿಗೆ ಬಾಯಿ ಹಾಕಿದ ಬೆಕ್ಕಿಗೆ ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಎರಡನೆಯದಕ್ಕೆ ಇಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿದಿರಬೇಕು. ಅದು ಗೊತ್ತಿಲ್ಲದೆ, ಗಾಬರಿಯಲ್ಲಿ, ಸಾಕಷ್ಟು ಜನ ಬೆಕ್ಕನ್ನು ದಯಾಮರಣಕ್ಕೆ ಒಪ್ಪಿಸಿಬಿಡುತ್ತಾರೆ. ದಯವಿಟ್ಟು ಮೊದಲ ದಿನವೇ ಆ ನಿರ್ಧಾರ ಮಾಡಬೇಡಿ. ಸರಿಯಾಗಿ ನೋಡಿಕೊಂಡರೆ ಈ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ. ಕೆಲವಕ್ಕೆ ಮುಂದೆ ಇನ್ಸುಲಿನ್ ಬೇಕಾಗದೆಯೂ ಹೋಗುತ್ತದೆ. ಇದಕ್ಕೆ ಇಲ್ಲಿ ರೆಮಿಶನ್ ಅನ್ನುತ್ತಾರೆ.

ಊರಿನಲ್ಲಿ ಅಪ್ಪನಿಗೆ ಇನ್ಸುಲಿನ್ ಬೇಕೆಂದರೆ ಮೆಡಿಕಲ್ ಶಾಪಿಗೆ ಹೋಗಿ ಹಳೇ ಡಬ್ಬಿ ತೋರಿಸಿದರೆ ಕೆಲಸ ಆಗುತ್ತಿತ್ತು, ಅಲ್ವಾ? ಇಲ್ಲಿ ಹಾಗಲ್ಲ. ಚೀಟಿ ಬರೆಯುವವರು ವೆಟ್. ಬರೆಯಬೇಕಾದರೆ ಸಾಮಾನ್ಯವಾಗಿ ಅವರು ಬೆಕ್ಕನ್ನು ಖುದ್ದಾಗಿ ಪರೀಕ್ಷೆ ಮಾಡಿರಬೇಕು, ಎಷ್ಟೋ ರಾಜ್ಯಗಳಲ್ಲಿ ವರ್ಷಕ್ಕೊಮ್ಮೆಯಾದರೂ. ಆದರೆ ಔಷಧಿಯನ್ನು ಅವರ ಕ್ಲಿನಿಕ್ಕಿನಲ್ಲೇ ಕೊಳ್ಳಬೇಕೆಂದಿಲ್ಲ. "ಚೀಟಿ ಬರೆದುಕೊಡಿ, ಹೊರಗಡೆ ತಗೋತೀವಿ" ಎಂದು ಕೇಳಬಹುದು, ಸಂಕೋಚ ಬೇಡ. ಕೇಳಿದರೆ ಕೊಡಲೇಬೇಕು ಎಂದು ಹಲವು ರಾಜ್ಯಗಳಲ್ಲಿ ನಿಯಮವೇ ಇದೆ.

ಯಾವ ಇನ್ಸುಲಿನ್ ಅನ್ನುವುದರ ಮೇಲೆ ಎಲ್ಲಿ ಕೊಳ್ಳುವುದು ಅನ್ನುವುದು ನಿಂತಿದೆ. ಬೆಕ್ಕಿಗೆ ಕೊಡಲು ಒಪ್ಪಿಗೆ ಪಡೆದ ಪ್ರೋಜಿಂಕ್ ಮತ್ತು ವೆಟ್‌ಸುಲಿನ್ ವೆಟ್ ಹತ್ತಿರ ಅಥವಾ ಪ್ರಾಣಿಗಳ ಔಷಧಿ ಮಾರುವ ಕಡೆ ಸಿಗುತ್ತವೆ. ಇನ್ನೊಂದು ಗ್ಲಾರ್ಜಿನ್, ಅಂದರೆ ಮನುಷ್ಯರು ತೆಗೆದುಕೊಳ್ಳುವ ಲ್ಯಾಂಟಸ್. ಮನುಷ್ಯರ ಔಷಧಿಯನ್ನು ವೆಟ್ ಪ್ರಾಣಿಗೆ ಬರೆಯಲು 1994ರ ಫೆಡರಲ್ ಕಾನೂನು ಅವಕಾಶ ಕೊಡುತ್ತದೆ. ಈ ಚೀಟಿ ಹಿಡಿದು ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್, ಕಾಸ್ಟ್ಕೊ ಯಾವುದಾದರೂ ಫಾರ್ಮಸಿಗೆ ಹೋಗಬಹುದು. ಬೆಕ್ಕಿನ ಹೆಸರು, ಅದರ ಹುಟ್ಟಿದ ದಿನ ಕೇಳಿ ದಾಖಲೆ ಮಾಡಿಕೊಳ್ಳುತ್ತಾರೆ, ವಿಚಿತ್ರ ಅನ್ನಿಸಬೇಕಿಲ್ಲ. ನಿಮ್ಮ ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಬೆಕ್ಕಿಗೆ ನಡೆಯುವುದಿಲ್ಲ. ಗುಡ್‌ಆರ್‌ಎಕ್ಸ್‌ನಂಥ ರಿಯಾಯಿತಿ ಕೂಪನ್ ನಡೆಯುತ್ತದೆ. 2024ರ ಜನವರಿಯಿಂದ ಲ್ಯಾಂಟಸ್ ಪಟ್ಟಿ ಬೆಲೆಯನ್ನು ಕಂಪನಿ ಶೇಕಡ 78ರಷ್ಟು ಇಳಿಸಿದೆ. ಹಾಗಾಗಿ ಅದಕ್ಕಿಂತ ಹಳೆಯ ಲೆಕ್ಕ ಕೇಳಿ ಹೆದರಬೇಡಿ.

ವಯಲ್, ಅಂದರೆ ಇನ್ಸುಲಿನ್ ಸೀಸೆ, ಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿ. ಲ್ಯಾಂಟಸ್‌ನ 10 ಎಂಎಲ್ ವಯಲ್‌ನಲ್ಲಿ 1000 ಯೂನಿಟ್ ಇರುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಶುರುವಾಗುವುದೇ ಒಂದು ಯೂನಿಟ್‌ನ ಆಸುಪಾಸಿನಲ್ಲಿ, 12 ಗಂಟೆಗೊಮ್ಮೆ. ಬಹುಪಾಲು ಹಾಳಾಗುತ್ತದೆ. 3 ಎಂಎಲ್ ಪೆನ್‌ನಲ್ಲಿ 300 ಯೂನಿಟ್ ಇರುತ್ತದೆ. ಐದು ಪೆನ್ನಿನ ಪೆಟ್ಟಿಗೆಯನ್ನು ಒಡೆದು ಒಂದೊಂದೇ ಕೊಡುತ್ತೀರಾ ಎಂದು ಫಾರ್ಮಸಿಯಲ್ಲಿ ಕೇಳಿ, ಕೆಲವರು ಕೊಡುತ್ತಾರೆ. ತೆರೆದ ಲ್ಯಾಂಟಸ್‌ಗೆ ಡಬ್ಬಿಯ ಮೇಲೆ 28 ದಿನ ಎಂದಿರುತ್ತದೆ. ಫ್ರಿಜ್ಜಿನಲ್ಲಿಟ್ಟು ಇನ್ನೂ ಬಳಸಬಹುದಾ ಅನ್ನುವುದನ್ನು ನಿಮ್ಮ ವೆಟ್ ಹತ್ತಿರ ಕೇಳಿ ತೀರ್ಮಾನಿಸಿ. ವಾಲ್‌ಮಾರ್ಟಿನಲ್ಲಿ ಚೀಟಿಯಿಲ್ಲದೆ ಅಗ್ಗಕ್ಕೆ ಸಿಗುವ ಹಳೇ ಬಗೆಯ ಇನ್ಸುಲಿನ್ ಬಗ್ಗೆ ಯಾರಾದರೂ ಹೇಳಬಹುದು. ಬೇಡ. ಬೆಕ್ಕಿನ ಮೈಯಲ್ಲಿ ಅದು ಬೇಗ ಮುಗಿದುಹೋಗುತ್ತದೆ.

ಈಗ ನಮ್ಮವರೆಲ್ಲ ಗಮನ ಕೊಟ್ಟು ಓದಬೇಕಾದ ಮಾತು. ಪ್ರೋಜಿಂಕ್, ವೆಟ್‌ಸುಲಿನ್ ಎರಡೂ ಯು-40, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಲ್ಯಾಂಟಸ್ ಯು-100. ಎರಡಕ್ಕೂ ಸಿರಿಂಜ್ ಬೇರೆ. ಯು-40 ಸಿರಿಂಜ್‌ಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ. ನಮ್ಮೂರಲ್ಲಿ ವಯಲ್‌ನಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ 40 ಯೂನಿಟ್‌ನದು, ಸಿರಿಂಜ್ ಕೂಡ ಅದರದೇ. ಬೇಸಿಗೆಗೆ ಬಂದ ಅಮ್ಮನ ಸೂಟ್‌ಕೇಸಿನಲ್ಲಿ ಅಂಥ ಸಿರಿಂಜ್ ಪ್ಯಾಕೆಟ್ ಇರುತ್ತದೆ, ಅಪ್ಪನ ಇನ್ಸುಲಿನ್ ನಿಮ್ಮ ಫ್ರಿಜ್ಜಿನಲ್ಲೇ ಕೂತಿರುತ್ತದೆ. ಬೆಕ್ಕಿನ ಸಿರಿಂಜ್ ಮುಗಿದಿದೆ ಎಂದು ಆ ಸಿರಿಂಜ್‌ನಲ್ಲಿ ಲ್ಯಾಂಟಸ್ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತದೆ. ಬೆಕ್ಕು ಸಾಯಬಹುದು. ಬೆಕ್ಕಿನ ಇನ್ಸುಲಿನ್, ಸಿರಿಂಜ್ ಎರಡನ್ನೂ ಬೇರೆ ಡಬ್ಬಿಯಲ್ಲಿಟ್ಟು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದಿಡಿ. ಕೊಳ್ಳುವಾಗ ಅರ್ಧ ಯೂನಿಟ್ ಗೆರೆ ಇರುವ 0.3 ಎಂಎಲ್ ಸಿರಿಂಜ್ ಕೇಳಿ. ಬೆಕ್ಕಿಗೆ ಅರ್ಧ ಯೂನಿಟ್ ಕೂಡ ದೊಡ್ಡ ವ್ಯತ್ಯಾಸ.

ಸೂಜಿಯೇ ಬೇಡ ಅನ್ನುವವರಿಗೆ ಬೆಕ್ಸಾಕ್ಯಾಟ್ ಮಾತ್ರೆ, ಸೆನ್‌ವೆಲ್ಗೊ ದ್ರವ ಬಂದಿವೆ. ಮೊದಲನೆಯದಕ್ಕೆ 2022ರ ಡಿಸೆಂಬರ್‌ನಲ್ಲಿ, ಎರಡನೆಯದಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂಚೆ ಇನ್ಸುಲಿನ್ ತಗೊಂಡಿರದ, ಬೇರೆ ರೀತಿಯಲ್ಲಿ ಆರೋಗ್ಯವಾಗಿರುವ ಬೆಕ್ಕಿಗೆ ಮಾತ್ರ ಇವು. ಇವನ್ನು ಕೊಡುವಾಗ ಶುಗರ್ ಸರಿಯಾಗಿ ಕಂಡರೂ ಒಳಗೆ ಕೀಟೋನ್, ಅಂದರೆ ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ, ಏರಿ ಜೀವಕ್ಕೆ ಅಪಾಯ ಆಗಬಹುದು. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ, ವೆಟ್ ನಿಗಾ ಇದ್ದಾಗಲೇ ಶುರು ಮಾಡಬೇಕು.

ಇನ್ನು ಮನೆಯಲ್ಲೇ ಶುಗರ್ ನೋಡುವುದು. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಕ್ಲಿನಿಕ್ಕಿನಲ್ಲಿ ದಿನವಿಡೀ ಇಟ್ಟುಕೊಂಡು ಎರಡೆರಡು ಗಂಟೆಗೊಮ್ಮೆ ರಕ್ತ ನೋಡುವುದಕ್ಕೆ ಗ್ಲೂಕೋಸ್ ಕರ್ವ್ ಅನ್ನುತ್ತಾರೆ. ದುಡ್ಡು ಜಾಸ್ತಿ, ಮೇಲಾಗಿ ಹೆದರಿದ ಬೆಕ್ಕಿನ ಶುಗರ್ ಸುಮ್ನೆ ಏರುತ್ತದೆ. ಅದೇ ಕರ್ವ್ ಮನೆಯಲ್ಲಿ ಮಾಡಿ ಅಂಕಿಗಳನ್ನು ವೆಟ್‌ಗೆ ಕಳಿಸಿದರೆ ಬಹಳಷ್ಟು ವೆಟ್‌ಗಳು ಸಂತೋಷದಿಂದ ನೋಡುತ್ತಾರೆ. ಇಲ್ಲೂ ನಮ್ಮೂರಿನ ಹಾಗೆ ಎಂಜಿ/ಡಿಎಲ್ ಲೆಕ್ಕವೇ. ಪ್ರಾಣಿಗಳಿಗೆಂದೇ ಆಲ್ಫಾಟ್ರ್ಯಾಕ್ ಮೀಟರ್ ಇದೆ, ಅದರ ಸ್ಟ್ರಿಪ್ ದುಬಾರಿ. ಮನುಷ್ಯರ ಮೀಟರ್ ಅಗ್ಗ, ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಕಡಿಮೆ ಅಂಕಿ ತೋರಿಸುತ್ತದೆ. ಯಾವುದನ್ನು ಬಳಸುತ್ತಿದ್ದೀರಿ ಎಂದು ವೆಟ್‌ಗೆ ಹೇಳಿ, ಅದನ್ನೇ ಬಳಸುತ್ತಿರಿ.

ರಕ್ತ ತೆಗೆಯುವುದನ್ನು ನನಗೆ ಕಲಿಸಿದ್ದು ಇದೇ ಕಾಯಿಲೆಯ ಬೆಕ್ಕು ಸಾಕಿದ್ದ ಒಬ್ಬ ಹಿರಿಯ ಮಹಿಳೆ. ಕಾಲುಚೀಲಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಗಂಟು ಕಟ್ಟಿ, ಮೈಕ್ರೋವೇವಿನಲ್ಲಿ ಉಗುರುಬೆಚ್ಚಗೆ ಮಾಡಿ, ಕಿವಿಗೆ ಒಂದು ನಿಮಿಷ ಒತ್ತಿ ಹಿಡಿದರು. ಕಿವಿಯ ಅಂಚಿನಲ್ಲಿ ಹರಿಯುವ ರಕ್ತನಾಳಕ್ಕೂ ಕಿವಿಯ ತೀರಾ ಹೊರ ಅಂಚಿಗೂ ನಡುವಿನ ಜಾಗದಲ್ಲಿ ಚುಚ್ಚಿದರು. ಕಿವಿಯ ಹಿಂದೆ ಮಡಿಸಿದ ಹತ್ತಿ ಹಿಡಿದಿದ್ದರು. ಸಾಸಿವೆಯಷ್ಟು ರಕ್ತ ಬಂತು, ಸ್ಟ್ರಿಪ್ ಎಳೆದುಕೊಂಡಿತು. ಹತ್ತಿ ಒತ್ತಿ ಹಿಡಿದು, ಒಂದು ಚೂರು ಬೇಯಿಸಿದ ಚಿಕನ್ ಕೊಟ್ಟರು. ಪ್ರತಿ ಸಲ ತಿಂಡಿ ಕೊಟ್ಟರೆ ಬೆಕ್ಕು ತಾನೇ ಬಂದು ಕೂರುತ್ತದೆ.

ಇಂಥವರನ್ನು ಹುಡುಕಿಕೊಳ್ಳಿ. ವೆಟ್ ಹತ್ತಿರ ಹದಿನೈದು ನಿಮಿಷ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಇವರು. ಕ್ಲಿನಿಕ್ಕಿನ ಟೆಕ್ನಿಷಿಯನ್ ಹತ್ತಿರ, "ಇನ್ಸುಲಿನ್ ಕೊಡುತ್ತಿರುವ ಬೇರೆ ಮನೆಯವರು ಯಾರಾದರೂ ನನ್ನ ಜೊತೆ ಮಾತಾಡಲು ಒಪ್ಪುತ್ತಾರಾ" ಎಂದು ಕೇಳಿ. ನಿಮ್ಮ ಊರಿನ ಕನ್ನಡ ಕೂಟದಲ್ಲೂ ಕೇಳಿ ನೋಡಿ. ಅವರ ಮಾತಿನಲ್ಲಿ ಬರುವ ಕೆಲವು ಪದ ಬೇಗ ರೂಢಿಯಾಗುತ್ತವೆ: ಸೂಜಿಗೆ ಮುಂಚಿನ ಅಂಕಿ ಪ್ರೀ-ಶಾಟ್, ಎರಡು ಡೋಸ್‌ಗಳ ನಡುವೆ ಶುಗರ್ ಇಳಿಯುವ ತಳ ನೇಡಿರ್, ಸೂಜಿ ಚರ್ಮದಾಚೆ ಹೋಗಿ ಮದ್ದು ಕೂದಲಿಗೆ ಬಿದ್ದರೆ ಫರ್ ಶಾಟ್. ಕೂದಲು ಒದ್ದೆಯಾಗಿ ಬ್ಯಾಂಡೇಜಿನಂಥ ವಾಸನೆ ಬಂದರೆ ಅದೇ. ಆಗ ಮತ್ತೊಮ್ಮೆ ಕೊಡಲೇಬೇಡಿ. ಎಷ್ಟು ಒಳಗೆ ಹೋಗಿದೆ ಎಂದು ಗೊತ್ತಾಗುವುದಿಲ್ಲ. ಒಂದು ಡೋಸ್ ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ತೊಂದರೆಯಿಲ್ಲ, ಎರಡು ಡೋಸ್ ಆದರೆ ಪ್ರಾಣಕ್ಕೇ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕೊಡುವ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕೊಟ್ಟ ಕೂಡಲೇ ಗುರುತು ಹಾಕಿ.

ಈ ಗೆಳೆಯರು ಡೋಸ್ ಬಗ್ಗೆಯೂ ಸಲಹೆ ಕೊಡುತ್ತಾರೆ. ಕೇಳಿಸಿಕೊಳ್ಳಿ, ಆದರೆ ಬದಲಾಯಿಸುವ ಮುಂಚೆ ವೆಟ್‌ಗೆ ಹೇಳಿ. ಪ್ರೀ-ಶಾಟ್ ಅಂಕಿ ಎಷ್ಟಕ್ಕಿಂತ ಕಡಿಮೆಯಿದ್ದರೆ ಸೂಜಿ ಕೊಡಬಾರದು ಎಂದು ವೆಟ್ ಕೈಯಲ್ಲೇ ಬರೆಸಿಕೊಳ್ಳಿ. ಹೊಸಬರಿಗೆ ಅನುಭವಸ್ಥರು ಸಾಮಾನ್ಯವಾಗಿ 200 ಅನ್ನುತ್ತಾರೆ. ಬೆಕ್ಕು ತೂರಾಡಿದರೆ, ಮಂಕಾದರೆ, ನಡುಗಿದರೆ ಶುಗರ್ ಇಳಿದಿದೆ ಎಂದುಕೊಳ್ಳಿ. ಜೇನು ಅಥವಾ ಕಾರ್ನ್ ಸಿರಪ್ ವಸಡಿಗೆ ಸವರಿ, ತಕ್ಷಣ ಪ್ರಾಣಿಗಳ ಎಮರ್ಜೆನ್ಸಿಗೆ ಓಡಿ. ಹತ್ತಿರದ 24 ಗಂಟೆಯ ಎಮರ್ಜೆನ್ಸಿ ಎಲ್ಲಿದೆ ಅನ್ನುವುದನ್ನು ಇವತ್ತೇ ನೋಡಿಟ್ಟುಕೊಳ್ಳಿ.

ಊಟದ ವಿಷಯ. ಬೆಕ್ಕಿಗೆ ಮೊಸರನ್ನ ಹಾಕಿ ಬೆಳೆಸಿದ ಮನೆಗಳು ನಮ್ಮವು. ಡಯಾಬಿಟಿಸ್ ಬಂದ ಮೇಲೆ ಅನ್ನವೂ ಬೇಡ, ಅಂಗಡಿಯಲ್ಲಿ ಸಿಗುವ, ಪಿಷ್ಟ ಜಾಸ್ತಿಯಿರುವ ಕಾಳಿನಂಥ ಒಣ ಕ್ಯಾಟ್ ಫುಡ್ಡೂ ಬೇಡ. ಮಾಂಸದ ಡಬ್ಬಿ ಊಟ ಒಳ್ಳೆಯದು. ಸಸ್ಯಾಹಾರಿ ಮನೆಯವರಿಗೆ ಇದು ಕಷ್ಟ, ನನಗೆ ಗೊತ್ತು, ಆದರೂ ಬೆಕ್ಕಿನ ಮೈ ಇರುವುದೇ ಹಾಗೆ. ಒಂದು ಎಚ್ಚರಿಕೆ: ಇನ್ಸುಲಿನ್ ಶುರುವಾದ ಮೇಲೆ ಊಟ ಬದಲಿಸಿದರೆ ಶುಗರ್ ದಿಢೀರ್ ಇಳಿಯಬಹುದು. ವೆಟ್‌ಗೆ ತಿಳಿಸಿ, ನಿಧಾನವಾಗಿ, ದಿನಾ ಅಂಕಿ ನೋಡುತ್ತಾ ಬದಲಿಸಿ.

ಪೆಟ್ ಇನ್ಶೂರೆನ್ಸ್ ಈಗ ಮಾಡಿಸಿದರೆ ಡಯಾಬಿಟಿಸ್‌ಗೆ ದುಡ್ಡು ಬರುವುದಿಲ್ಲ, ಮುಂಚಿನಿಂದಿರುವ ಕಾಯಿಲೆ ಅನ್ನುತ್ತಾರೆ. ಮೊದಲೇ ಮಾಡಿಸಿದ್ದರೂ ಸಾಮಾನ್ಯವಾಗಿ ನೀವು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು. ಕ್ಲಿನಿಕ್ಕಿನಲ್ಲಿ ಚಿಕಿತ್ಸೆಗೆಂದೇ ಸಾಲ ಕೊಡುವ ಕೇರ್‌ಕ್ರೆಡಿಟ್ ಕಾರ್ಡ್ ಮಾಡಿಸಿ ಎಂದರೆ ಷರತ್ತು ಓದಿ. ಬಡ್ಡಿಯಿಲ್ಲದ ಅವಧಿಯೊಳಗೆ ಪೂರ್ತಿ ತೀರಿಸದಿದ್ದರೆ ಅಂಥ ಯೋಜನೆಯಲ್ಲಿ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಯಾವ ಚಿಕಿತ್ಸೆಗೂ ಮುಂಚೆ ಎಸ್ಟಿಮೇಟ್ ಕೇಳಿ. ಅದರಲ್ಲಿ ಯಾವುದು ಇವತ್ತೇ ಬೇಕು, ಯಾವುದು ಕಾಯಬಹುದು ಎಂದು ಕೇಳುವುದು ಇಲ್ಲಿ ತಪ್ಪಲ್ಲ.

ಬಳಸಿದ ಸೂಜಿಯನ್ನು ಹಾಗೇ ಕಸಕ್ಕೆ ಹಾಕಬೇಡಿ. ಡಿಟರ್ಜೆಂಟಿನ ದಪ್ಪ ಬಾಟಲಿಯಲ್ಲಿ ತುಂಬಿ, ನಿಮ್ಮ ಕೌಂಟಿ ಎಲ್ಲಿ ತೆಗೆದುಕೊಳ್ಳುತ್ತದೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ಕಸಕ್ಕೆ ಸೂಜಿ ಹಾಕುವುದು ಕಾನೂನಿಗೇ ವಿರುದ್ಧ.

ಕೊನೆಯದು ಊರಿಗೆ ಹೋಗುವ ವಿಚಾರ. ನಾಲ್ಕು ವಾರ ರಜೆ ಹಾಕಿ ಬೆಂಗಳೂರಿಗೆ ಹೊರಟರೆ ಸೂಜಿ ಕೊಡುವವರು ಯಾರು? ಕೆಲವು ಕ್ಲಿನಿಕ್‌ಗಳು ಇಟ್ಟುಕೊಳ್ಳುತ್ತವೆ, ಕೆಲವು ವೆಟ್ ಟೆಕ್ನಿಷಿಯನ್‌ಗಳು ಬಿಡುವಿನಲ್ಲಿ ಮನೆಗೆ ಬರುತ್ತಾರೆ. ನಾನು ಹೆಚ್ಚು ನಂಬುವುದು ಇಂಥದ್ದೇ ಬೆಕ್ಕಿರುವ ಇನ್ನೊಂದು ಮನೆಯನ್ನು. ಅವರ ರಜೆಗೆ ನೀವು, ನಿಮ್ಮ ರಜೆಗೆ ಅವರು. ಹೊರಡುವ ಎರಡು ವಾರ ಮುಂಚೆ ಅವರ ಕೈಯಿಂದಲೇ ಕೆಲವು ಸಲ ಕೊಡಿಸಿ. ಡೋಸ್, ಸಿರಿಂಜ್ ಬಗೆ, ಸೂಜಿ ಕೊಡಬಾರದ ಅಂಕಿ, ಎಮರ್ಜೆನ್ಸಿ ವಿಳಾಸ ಒಂದೇ ಹಾಳೆಯಲ್ಲಿ ಬರೆದುಕೊಡಿ. ನೀವಿಲ್ಲದಾಗ ಚಿಕಿತ್ಸೆಗೆ ಒಪ್ಪಿಗೆ ಕೊಡಲು ಅವರಿಗೆ ಅಧಿಕಾರವಿದೆ ಎಂದು ಕ್ಲಿನಿಕ್‌ಗೂ ಪತ್ರ ಕೊಟ್ಟಿರಿ, ಎಷ್ಟು ಡಾಲರಿನವರೆಗೆ ಅನ್ನುವುದನ್ನೂ ಸೇರಿಸಿ.