ಟೀ ಸೊಪ್ಪನ್ನು ಯಾರೂ ತೊಳೆಯುವುದಿಲ್ಲ

ಹಾಲು ಕರೆದು, ಡೈರಿಗೆ ಹಾಕಿ ಬಂದು, ಜಗಲಿ ಮೇಲೆ ಕೂತು ಒಂದು ಲೋಟ ಟೀ ಕುಡಿದರೇನೇ ನನಗೆ ಬೆಳಗಾಗುವುದು. ನಲವತ್ತು ವರ್ಷದಿಂದ ಇದೇ ಅಭ್ಯಾಸ. ಚಿಂತಾಮಣಿ ಸುತ್ತಮುತ್ತ ನನ್ನ ವಯಸ್ಸಿನ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಮೊನ್ನೆ ಸೊಸೆ ಫೋನು ಹಿಡಿದುಕೊಂಡು ಬಂದಳು. "ಅತ್ತೆ, ಟೀ ಪುಡೀಲಿ ಗಿಡಕ್ಕೆ ಹೊಡೆಯೋ ಔಷಧಿ ಉಳಿದಿರುತ್ತಂತೆ, ಇನ್ಮೇಲೆ ಟೀ ಬೇಡ" ಅಂತ ಡಬ್ಬಿಯನ್ನೇ ಎತ್ತಿ ಅಟ್ಟದ ಮೇಲಿಟ್ಟಳು. ಅವಳ ಭಯಕ್ಕೆ ಕಾರಣ ಇದೆ. ಆದರೆ ಎಷ್ಟು ದಿನ ಅಂತ ಡಬ್ಬಿ ಅಟ್ಟದ ಮೇಲಿರುತ್ತದೆ? ನಾಲ್ಕನೇ ದಿನ ಅವಳೇ ಇಳಿಸಿದಳು. ಆವತ್ತು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಾವು ದ್ರಾಕ್ಷಿ, ಟೊಮೆಟೊ ಬೆಳೆದವರು. ಔಷಧಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಯಜಮಾನರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಮೂಗಿಗೆ ಟವಲು ಸುತ್ತಿಕೊಂಡು ದ್ರಾಕ್ಷಿ ಚಪ್ಪರದ ಕೆಳಗೆ ಔಷಧಿ ಹೊಡೆದು ಬಂದರೆ ರಾತ್ರಿಯೆಲ್ಲ ತಲೆನೋವು, ಊಟ ಸೇರುತ್ತಿರಲಿಲ್ಲ. ಅವರ ಅಂಗಿಯನ್ನು ಬೇರೆ ಬಕೆಟ್‌ನಲ್ಲಿ ನೆನೆಸಿ, ಬೇರೆಯಾಗಿಯೇ ಒಗೆಯುತ್ತಿದ್ದೆ. ಔಷಧಿ ಬಾಟಲಿ ಜೊತೆ ಒಂದು ಚೀಟಿ ಇರುತ್ತದೆ. ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು ಅಂತ ಅದರಲ್ಲಿ ಬರೆದಿರುತ್ತಾರೆ. ಬಿಸಿಲು, ಗಾಳಿ, ಮಳೆಗೆ ಔಷಧಿ ಸವೆದು ಹೋಗಲಿ ಅಂತ ಆ ದಿನಗಳು. ಆದರೆ ಕೋಲಾರ ಮಂಡಿಯಲ್ಲಿ ಟೊಮೆಟೊಗೆ ರೇಟು ಬಂತು ಅಂದರೆ ಅಷ್ಟು ದಿನ ಕಾಯುವವರು ಎಷ್ಟು ಜನ? ನಾವೂ ಒಂದು ಸಲ ಎರಡು ದಿನ ಮೊದಲೇ ಕಿತ್ತು ಕಳಿಸಿದ್ದೇವೆ. ಅದು ಇವತ್ತಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಟೊಮೆಟೊ ಆದರೆ ತಿನ್ನುವವರು ತೊಳೆದಾದರೂ ತಿನ್ನುತ್ತಾರೆ. ದ್ರಾಕ್ಷಿಯನ್ನು ಉಪ್ಪು ನೀರಲ್ಲಿ ನೆನೆಸಿ ತೊಳೆಯುತ್ತಾರೆ. ಟೀ ಸೊಪ್ಪನ್ನು ಯಾರು ತೊಳೆಯುತ್ತಾರೆ ಹೇಳಿ? ಅಸ್ಸಾಂ ಆಗಲಿ, ನೀಲಗಿರಿ ಆಗಲಿ, ಮುನ್ನಾರ್ ಆಗಲಿ, ತೋಟದಲ್ಲಿ ಎರಡೆಲೆ ಒಂದು ಮೊಗ್ಗು ಅಂತ ಚಿವುಟುತ್ತಾರೆ. ಸೀಸನ್ನಿನಲ್ಲಿ ವಾರ, ಹತ್ತು ದಿನಕ್ಕೊಮ್ಮೆ ಅದೇ ಗಿಡದಿಂದ ಮತ್ತೆ ಕೊಯ್ಲು. ಕೆಂಪು ನುಸಿ, ಥ್ರಿಪ್ಸ್, ಎಳೆ ಚಿಗುರನ್ನೇ ಚುಚ್ಚಿ ಹೀರುವ ಟೀ ಸೊಳ್ಳೆ ಅನ್ನೋ ಹುಳ, ಇವೆಲ್ಲ ಅಲ್ಲೂ ಬರುತ್ತವೆ. ಔಷಧಿ ಹೊಡೆಯಲೇಬೇಕು ಅನ್ನಿಸಿದಾಗ ಕೊಯ್ಲಿಗೆ ಉಳಿಯುವ ದಿನ ಎಷ್ಟು ಕಮ್ಮಿ ಅಂತ ನೀವೇ ಲೆಕ್ಕ ಹಾಕಿ. ಕಿತ್ತ ಸೊಪ್ಪನ್ನು ಬಾಡಿಸಿ, ಮಿಷನ್ನಿಗೆ ಕೊಟ್ಟು ಅರೆದು, ಬಣ್ಣ ತಿರುಗಲು ಬಿಟ್ಟು, ಒಣಗಿಸಿ ಚೀಲಕ್ಕೆ ತುಂಬುತ್ತಾರೆ. ನಡುವೆ ತೊಳೆಯುವುದು ಅಂತ ಒಂದು ಕೆಲಸವೇ ಇಲ್ಲ. ಒಂದು ಕೇಜಿ ಪುಡಿಗೆ ಸುಮಾರು ನಾಲ್ಕೂವರೆ ಕೇಜಿ ಹಸಿ ಸೊಪ್ಪು ಬೇಕು. ಆ ಪುಡಿಗೆ ಮೊದಲ ಸಲ ನೀರು ಸೋಕುವುದು ನಮ್ಮ ಒಲೆ ಮೇಲೆ, ಆ ನೀರನ್ನು ನಾವು ಕುಡಿಯುತ್ತೇವೆ.

2014ರಲ್ಲಿ ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯವರು ನಮ್ಮ ದೇಶದ ಪ್ಯಾಕೆಟ್ ಟೀಗಳನ್ನು ಪರೀಕ್ಷೆ ಮಾಡಿಸಿದ್ದರು. 49 ಮಾದರಿಗಳಲ್ಲಿ 46ರಲ್ಲಿ ಒಂದಲ್ಲ ಒಂದು ಕೀಟನಾಶಕ ಸಿಕ್ಕಿತ್ತು. ಬೆಳೆಗೆ ಹೊಡೆಯಬಾರದು ಅಂತ ನಮ್ಮಲ್ಲಿ ಯಾವತ್ತೋ ನಿಲ್ಲಿಸಿರುವ ಡಿಡಿಟಿ ಕೂಡ ಅದರಲ್ಲಿತ್ತು. ಟೀ ಬೋರ್ಡಿನವರು, ನಮ್ಮ ದೇಶದ ಕಾನೂನಿನ ಮಿತಿಯೊಳಗೇ ಇದೆ, ಕುಡಿಯಲು ತೊಂದರೆ ಇಲ್ಲ ಅಂದರು. ನಾನು ಎರಡನ್ನೂ ನಂಬುತ್ತೇನೆ. ಒಂದು ಲೋಟದಲ್ಲಿ ಇರುವುದು ತೀರ ಸಣ್ಣ ಅಂಶ, ಅದರಿಂದ ನಾಳೆಯೇ ಯಾರೂ ಮಲಗುವುದಿಲ್ಲ. ಆದರೆ ನಾವು ಕುಡಿಯುವುದು ಒಂದು ಲೋಟ ಅಲ್ಲವಲ್ಲ! ದಿನಕ್ಕೆ ಆರು ಸಲ, ವರ್ಷಪೂರ್ತಿ, ಬದುಕಿರುವಷ್ಟು ಕಾಲ ಕುಡಿಯುತ್ತೇವೆ. ಅಲ್ಲೇ ಎಚ್ಚರ ಇರಬೇಕಾದ್ದು.

ಈಗ ಒಂದು ಮುಖ್ಯ ಮಾತು. ಟೀ ಪುಡಿಯಲ್ಲಿ ಔಷಧಿ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಅದಕ್ಕೆ ದೊಡ್ಡ ಲ್ಯಾಬೇ ಬೇಕು. ಫೋನಿನಲ್ಲಿ ಬರುವ ವಿಡಿಯೋಗಳಲ್ಲಿ ತಣ್ಣೀರಿಗೆ ಪುಡಿ ಹಾಕಿ "ನೋಡಿ, ವಿಷ" ಅಂತ ತೋರಿಸುತ್ತಾರಲ್ಲ, ಅದು ಕಲಬೆರಕೆ ಬಣ್ಣದ ಪರೀಕ್ಷೆ ಅಷ್ಟೇ. ಎರಡನ್ನೂ ಕಲಸಿಕೊಳ್ಳಬೇಡಿ.

ಕಲಬೆರಕೆಯನ್ನು ಮಾತ್ರ ನಾವೇ ಹಿಡಿಯಬಹುದು. ಮೂರು ವರ್ಷದ ಹಿಂದೆ ಮನೆಯಲ್ಲಿ ಮದುವೆ ಅಂತ ಸಂತೆಯಲ್ಲಿ ಬಿಡಿ ಪುಡಿ ಐದು ಕೇಜಿ ತಂದಿದ್ದೆವು. ರೇಟು ಪ್ಯಾಕೆಟ್ಟಿಗಿಂತ ಅರ್ಧಕ್ಕರ್ಧ ಕಮ್ಮಿ. ಟೀ ಒಳ್ಳೆ ಕೆಂಪಗೆ, ನೋಡಲು ಚೆಂದ ಬಂತು, ಆದರೆ ಬಾಯಿಗೆ ಏನೂ ರುಚಿಯೇ ಇಲ್ಲ. ಅನುಮಾನ ಬಂದು ಒಂದು ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಬೆರಳಿನಿಂದ ನೀರು ಚಿಮುಕಿಸಿದೆ. ನೋಡುನೋಡುತ್ತಿದ್ದಂತೆ ಪ್ರತಿ ಕಾಳಿನ ಸುತ್ತ ಕಿತ್ತಳೆ ಬಣ್ಣದ ಉಂಗುರ ಹರಡಿಕೊಂಡಿತು. ಪುಡಿ ತೆಗೆದು ಕಾಗದವನ್ನು ನಲ್ಲಿ ನೀರಿಗೆ ಹಿಡಿದರೂ ಕಲೆ ಹೋಗಲಿಲ್ಲ. ಯಾರೋ ಕುಡಿದು ಸೋಸಿ ಬಿಸಾಕಿದ ಪುಡಿಯನ್ನೇ ಒಣಗಿಸಿ, ಬಣ್ಣ ಕಟ್ಟಿ ಮಾರಿದ್ದರು. ಒಳ್ಳೆ ಪುಡಿ ಆದರೆ ಅಷ್ಟು ಬೇಗ ಬಣ್ಣ ಬಿಡುವುದಿಲ್ಲ, ತೊಳೆದರೆ ಕಲೆಯೂ ನಿಲ್ಲುವುದಿಲ್ಲ. ಇನ್ನೊಂದು, ಪುಡಿಯನ್ನು ತಟ್ಟೆಯಲ್ಲಿ ಹರಡಿ ಆಯಸ್ಕಾಂತ ಆಡಿಸಿ. ಮಿಷನ್ನಿನ ಹಲ್ಲು ಸವೆದು ಒಂದೆರಡು ಕಬ್ಬಿಣದ ಚೂರು ಬರುವುದು ಉಂಟು. ಕೇಜಿಗೆ 250 ಮಿಲಿಗ್ರಾಂವರೆಗೆ ಸರ್ಕಾರವೇ ಒಪ್ಪಿದೆ. ಆದರೆ ಆಯಸ್ಕಾಂತಕ್ಕೆ ಮೀಸೆಯ ಹಾಗೆ ಕಪ್ಪು ಪುಡಿ ಅಂಟಿಕೊಂಡರೆ ಆ ಅಂಗಡಿಯ ಕಡೆ ಮತ್ತೆ ಹೋಗಬೇಡಿ.

ಹಾಗಾಗಿ ಬಿಡಿ ಪುಡಿ ಬೇಡ. ಸೀಲ್ ಇರುವ, ಪ್ಯಾಕ್ ಮಾಡಿದ ತಾರೀಕು ಇರುವ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರುವ ಪ್ಯಾಕೆಟ್ ತನ್ನಿ. ಕೈಯಲ್ಲಿ ಕಾಸಿದ್ದರೆ ಸಾವಯವದ್ದು ತರಬಹುದು. ಅದರ ಮೇಲೆ ಸಾವಯವ ಅಂತ ಸರ್ಕಾರ ಒಪ್ಪಿದ ಗುರುತು ಇದೆಯಾ ನೋಡಿ, ಸುಮ್ನೆ ಹಸಿರು ಎಲೆ ಚಿತ್ರ ನೋಡಿ ದುಡ್ಡು ಕೊಡಬೇಡಿ. ದುಬಾರಿ ಅನ್ನಿಸಿದರೆ ಬಿಡಿ, ಅದಿಲ್ಲದೇನೂ ನಡೆಯುತ್ತದೆ. ಹೇಗೆ ಕಾಯಿಸುತ್ತೀರಿ ಅನ್ನುವುದರಲ್ಲೇ ಅರ್ಧ ಇದೆ.

ನೀರಲ್ಲಿ ಸುಲಭವಾಗಿ ಕರಗುವ ಔಷಧಿಗಳು ಕೆಲವು ಇವೆ. ಟೊಮೆಟೊ ಬೆಳೆಯುವವರಿಗೆಲ್ಲ ಗೊತ್ತಿರುವ ಇಮಿಡಾಕ್ಲೋಪ್ರಿಡ್, ಅಸೆಟಾಮಿಪ್ರಿಡ್ ಇಂಥವು. ಇವು ಪುಡಿಯಲ್ಲಿದ್ದರೆ ಲೋಟಕ್ಕೂ ಬರುತ್ತವೆ. ಡಿಡಿಟಿ, ಸೈಪರ್‌ಮೆಥ್ರಿನ್ ತರಹದವು ಎಣ್ಣೆ ಜಿಡ್ಡಿನ ಹಾಗೆ ಸೊಪ್ಪಿಗೇ ಅಂಟಿಕೊಂಡಿರುತ್ತವೆ, ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೇ ಪುಡಿ ನೀರಲ್ಲಿ ಇರುವ ಹೊತ್ತು ಕಮ್ಮಿ ಇದ್ದಷ್ಟೂ ಒಳ್ಳೆಯದು, ಪುಡಿ ಹೊಟ್ಟೆಗೆ ಹೋಗದಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಎಲ್ಲ ಸೇರಿಸಿ, ಹಾಲು ಸಕ್ಕರೆ ಹಾಕಿ, ಉಕ್ಕಿ ಉಕ್ಕಿ ಇಳಿಯುವ ತನಕ ಹತ್ತು ನಿಮಿಷ ಕುದಿಸುವುದು ರೂಢಿ. ಕಡಕ್ ಆಗಿರಬೇಕು ಅಂತ. ನಾನೂ ಹಾಗೇ ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಈಗ ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಲೋಟಕ್ಕೆ ಒಂದು ಸಣ್ಣ ಚಮಚದ ಲೆಕ್ಕದಲ್ಲಿ ಪುಡಿ ಹಾಕಿ, ತಟ್ಟೆ ಮುಚ್ಚುತ್ತೇನೆ. ಡಸ್ಟ್ ಪುಡಿಗೆ ಎರಡು ನಿಮಿಷ ಸಾಕು, ಕಾಳು ಕಾಳಾಗಿರುವ ಪುಡಿಗೆ ಮೂರು. ಆಮೇಲೆ ಸೋಸಿ, ಬೇರೆ ಪಾತ್ರೆಯಲ್ಲಿ ಕಾಯಿಸಿದ ಹಾಲು ಬೆರೆಸುವುದು. ಮೊದಲ ವಾರ ಯಜಮಾನರು "ಇದೇನು ನೀರಾಗಿದೆ" ಅಂದರು. ಹಾಲು ಸ್ವಲ್ಪ ಗಟ್ಟಿ ಹಾಕಿದೆ, ಒಂದು ಚೂರು ಶುಂಠಿ ಜಜ್ಜಿ ನೀರಿಗೆ ಹಾಕಿದೆ. ಈಗ ಹೊರಗಿನ ಟೀ ಕುಡಿದರೆ ಅವರಿಗೇ ಕಹಿ ಅನ್ನಿಸುತ್ತದೆ.

ಜಾಲರಿ ಸಣ್ಣ ಕಣ್ಣಿನದಿರಲಿ. ಡಸ್ಟ್ ಪುಡಿ ದೊಡ್ಡ ಕಣ್ಣಿನ ಜಾಲರಿಯಲ್ಲಿ ಇಳಿದು ಲೋಟದ ತಳದಲ್ಲಿ ಕೂರುತ್ತದೆ. ಆ ಕೊನೇ ಗುಟುಕು ಕುಡಿಯದೆ ಚೆಲ್ಲಿಬಿಡಿ. ಬೆಳಿಗ್ಗೆ ಸೋಸಿದ ಚರಟವನ್ನೇ ಪಾತ್ರೆಯಲ್ಲಿ ಬಿಟ್ಟು, ಮಧ್ಯಾಹ್ನ ಅದರ ಮೇಲೇ ಇನ್ನೊಂದು ಚಮಚ ಪುಡಿ ಹಾಕಿ ಕುದಿಸುವವರಿದ್ದಾರೆ. ಅದು ಯಾವ ಉಳಿತಾಯವೂ ಅಲ್ಲ, ಮಾಡಬೇಡಿ.

ಇನ್ನು ನೀರು. ಎಲ್ಲರೂ ಪುಡಿಯ ಬಗ್ಗೆ ಮಾತಾಡುತ್ತಾರೆ, ನೀರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಹೊಟ್ಟೆಯೊಳಗೆ ಕುದಿಯುವ ವಿಷಯ ಇದೇ. ಕೋಲಾರ, ಬಾಗೇಪಲ್ಲಿ, ಗೌರಿಬಿದನೂರು, ಆ ಕಡೆ ಪಾವಗಡ, ಎಲ್ಲ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಆ ಆಳದ ನೀರಲ್ಲಿ, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿರುವ ಮಕ್ಕಳನ್ನು, ಮಂಡಿ ಮಡಿಸಲಾಗದ, ಸೊಂಟ ಬಗ್ಗಿಸಲಾಗದ ಹಿರಿಯರನ್ನು ನೀವೂ ನೋಡಿರುತ್ತೀರಿ. ಟೀ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಇನ್ನೂ ಜಾಸ್ತಿ. ಅಂದರೆ ಬೋರ್ ನೀರಲ್ಲಿ ಕಾಯಿಸಿದ ಕಡಕ್ ಟೀಯಲ್ಲಿ ಎರಡೂ ಸೇರುತ್ತವೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಅಂತ ಲೆಕ್ಕ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ನೀರು ಇಂಗಿ, ಉಳಿದ ನೀರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು, ಟೀಗೆ ಮಾತ್ರ ನಲ್ಲಿ ನೀರು ಹಿಡಿಯುವ ಮನೆಗಳನ್ನು ನೋಡಿದ್ದೇನೆ, "ಹೇಗೂ ಕುದಿಯುತ್ತಲ್ಲ" ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೀಗೂ, ಸಾರಿಗೂ, ಅನ್ನಕ್ಕೂ ಆ ಕ್ಯಾನಿನ ನೀರನ್ನೇ ಹಾಕಿ. ಕರಿ ಟೀ ಮೇಲೆ ಎಣ್ಣೆಯ ಹಾಗೆ ತೆಳ್ಳನೆ ಪೊರೆ ಕಟ್ಟುತ್ತದಲ್ಲ, ಅದಕ್ಕೆ ಹೆದರಬೇಡಿ, ಅದು ಔಷಧಿಯಲ್ಲ. ಗಡಸು ನೀರಿನ ಸುಣ್ಣದ ಅಂಶ ಟೀ ಜೊತೆ ಸೇರಿ ಹಾಗಾಗುವುದು.

ಏಲಕ್ಕಿ ಬಗ್ಗೆಯೂ ಒಂದು ಮಾತು. ಘಮ ಬರಲಿ ಅಂತ ಸಿಪ್ಪೆ ಸಮೇತ ಜಜ್ಜಿ ಹಾಕುತ್ತೇವೆ. ಆದರೆ ಏಲಕ್ಕಿಗೆ ಹೊಡೆಯುವಷ್ಟು ಔಷಧಿ ಬೇರೆ ಬೆಳೆಗೆ ಹೊಡೆಯುವುದು ಅಪರೂಪ. 2023ರ ಜನವರಿಯಲ್ಲಿ ಶಬರಿಮಲೆಯ ಅರವಣ ಪಾಯಸದ ಮಾರಾಟವನ್ನು ಕೇರಳ ಹೈಕೋರ್ಟ್ ನಿಲ್ಲಿಸಿದ್ದು ಅದಕ್ಕೆ ಹಾಕಿದ ಏಲಕ್ಕಿಯಲ್ಲಿ ಔಷಧಿ ಅಂಶ ಕಂಡಿತು ಅಂತಲೇ. ಆಮೇಲೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು, ಅದು ಬೇರೆ ಮಾತು. ನಾನಂತೂ ಈಗ ಸಿಪ್ಪೆ ಬಿಡಿಸಿ ಕಾಳು ಮಾತ್ರ ಹಾಕುತ್ತೇನೆ. ಶುಂಠಿಯನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ಹೆರೆದೇ ಹಾಕಿ.

ದಿನಕ್ಕೆ ಆರು ಟೀ ಇದ್ದದ್ದನ್ನು ಎರಡಕ್ಕೆ ಇಳಿಸಿದ್ದೇನೆ. ಬಾಯಿ ಬಿಸಿ ಬಿಸಿ ಕೇಳುವ ಉಳಿದ ಹೊತ್ತಿಗೆ ಮನೆಯದೇ ಕಷಾಯ. ಧನಿಯಾ ನಾಲ್ಕು ಪಾಲು, ಜೀರಿಗೆ ಒಂದು ಪಾಲು, ನಾಲ್ಕು ಮೆಣಸು, ಒಂದು ತುಂಡು ಒಣ ಶುಂಠಿ, ಘಮ್ ಅನ್ನುವ ತನಕ ಹುರಿದು ಪುಡಿ ಮಾಡಿ ಡಬ್ಬಿಗೆ ಹಾಕಿಟ್ಟರೆ ತಿಂಗಳು ಬರುತ್ತದೆ. ಬೆಲ್ಲದ ನೀರು ಕುದಿಸಿ ಒಂದು ಚಮಚ ಹಾಕಿ, ಕೆಳಗಿಳಿಸಿ ಹಾಲು ಬೆರೆಸಿ. ಬೆಲ್ಲ ಕುದಿಯುವಾಗಲೇ ಹಾಲು ಹಾಕಿದರೆ ಒಡೆಯುತ್ತದೆ. ಸಂಜೆಗೆ ಮಜ್ಜಿಗೆ ಹುಲ್ಲು. ಬಚ್ಚಲ ನೀರು ಹೋಗುವ ಕಡೆ ಒಂದು ಬುಡ ನೆಟ್ಟರೆ ಸಾಕು, ಯಾವ ಔಷಧಿಯೂ ಬೇಡ, ಅದರಷ್ಟಕ್ಕೆ ಪೊದೆಯಾಗುತ್ತದೆ. ಎರಡು ಗರಿ ಕೊಯ್ದು ತೊಳೆದು, ಗಂಟು ಕಟ್ಟಿ ಕುದಿಯುವ ನೀರಿಗೆ ಹಾಕಿದರೆ ನಿಂಬೆಯ ಪರಿಮಳ. ನನಗೆ ಟೀಗಿಂತ ಇದೇ ಇಷ್ಟವಾಗಿಬಿಟ್ಟಿದೆ. ಟೀ ಸೊಪ್ಪನ್ನು ತೊಳೆಯಲಾಗುವುದಿಲ್ಲ, ಇದನ್ನು ನಾನೇ ಬೆಳೆದು ನಾನೇ ತೊಳೆಯುತ್ತೇನೆ.

ಊಟದ ಜೊತೆ, ಊಟ ಆದ ತಕ್ಷಣ ಟೀ ಬೇಡ. ತಿಂದ ಮುದ್ದೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತದಂತೆ ಟೀ ತಡೆಯುತ್ತದೆ. ಒಂದು ಗಂಟೆಯಾದರೂ ಬಿಡಿ. ಬಸುರಿಯರು, ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು ಇದನ್ನು ಖಂಡಿತ ಪಾಲಿಸಬೇಕು, ಕಬ್ಬಿಣದ ಮಾತ್ರೆಯನ್ನಂತೂ ಟೀ ಜೊತೆ ನುಂಗಲೇಬಾರದು. ಚಿಕ್ಕ ಮಕ್ಕಳಿಗೆ ಬಿಸ್ಕತ್ತು ಅದ್ದಿ ಟೀ ಕುಡಿಸುವ ಅಜ್ಜಿಯರಿಗೆ ನನ್ನದೊಂದು ಬೇಡಿಕೆ, ಆ ಲೋಟದಲ್ಲಿ ಹಾಲು ಕೊಡಿ.

ಹೊಲಕ್ಕೆ, ಆಳುಗಳಿಗೆ ಟೀ ತರಿಸುವಾಗ ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಟೀ ಕಟ್ಟಿಸಬೇಡಿ. ಒಂದು ಸ್ಟೀಲ್ ಫ್ಲಾಸ್ಕ್, ನಾಲ್ಕು ಸ್ಟೀಲ್ ಲೋಟ ಇಟ್ಟುಕೊಳ್ಳಿ.

ಸೋಸಿದ ಚರಟವನ್ನು ಹಾಗೇ ಗುಲಾಬಿ ಕುಂಡಕ್ಕೆ ಸುರಿದರೆ ಸಕ್ಕರೆಗೆ ಇರುವೆ ಹತ್ತಿ, ಬೂಸಲು ಹಿಡಿಯುತ್ತದೆ. ಜಾಲರಿಯಲ್ಲೇ ಎರಡು ಸಲ ನೀರಲ್ಲಿ ಜಾಲಿಸಿ, ಬಿಸಿಲಿಗೆ ಹರಡಿ ಒಣಗಿಸಿ, ಮಣ್ಣಿನ ಜೊತೆ ಬೆರೆಸಿ ಬುಡಕ್ಕೆ ಹಾಕಿ. ನಾನು ಮಾತ್ರ ಅದನ್ನು ಹೂವಿನ ಗಿಡಕ್ಕಷ್ಟೇ ಹಾಕುತ್ತೇನೆ. ಕರಿಬೇವು, ಮಜ್ಜಿಗೆ ಹುಲ್ಲಿನ ಬುಡಕ್ಕೆ ಸಗಣಿ ಗೊಬ್ಬರ.