ಮನೆ ಮಾರಲು ಬ್ರೋಕರ್ ಹಿಡಿದರೆ ನಿಜಕ್ಕೂ ಎಷ್ಟು ಖರ್ಚು?

"ಸಾರ್, ಕಮಿಷನ್ ವಿಷಯ ಬಿಡಿ, ಆಮೇಲೆ ನೋಡೋಣ. ನಿಮ್ಮ ಕೈಗೆ ಎಷ್ಟು ಬರಬೇಕು, ಅದನ್ನ ಹೇಳಿ."

ಬೆಂಗಳೂರಿನಲ್ಲಿ ಮನೆ ಮಾರಲು ಹೊರಟವರ ಕಿವಿಗೆ ಮೊದಲ ವಾರದಲ್ಲೇ ಬೀಳುವ ಮಾತು ಇದು. ಕೇಳಲು ಹಿತವಾಗಿರುತ್ತದೆ, ಆದರೆ ಇಡೀ ವ್ಯವಹಾರದಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಮಾಲೀಕರು "85 ಲಕ್ಷ ಬಂದರೆ ಸಾಕು" ಅಂದುಬಿಡುತ್ತಾರೆ. ಅಲ್ಲಿಂದ ಪಾರ್ಟಿಗೆ, ಅಂದರೆ ಕೊಳ್ಳುವವರಿಗೆ, ಹೇಳುವ ರೇಟು 92 ಆಗುತ್ತದೆ, 90ಕ್ಕೆ ವ್ಯಾಪಾರ ಕುದುರುತ್ತದೆ, ನಡುವಿನ 5 ಲಕ್ಷ ದಲ್ಲಾಳಿಯ ಜೇಬು ಸೇರುತ್ತದೆ. ಅದೇ 90ಕ್ಕೆ ನೇರವಾಗಿ ಶೇ. 2 ಕೊಟ್ಟಿದ್ದರೆ 1.80 ಲಕ್ಷಕ್ಕೆ ಮುಗಿಯುತ್ತಿತ್ತು.

ಇಂಥ ವ್ಯವಹಾರದ ಗುರುತು ಸುಲಭ. ಮಾಲೀಕರೂ ಪಾರ್ಟಿಯೂ ಕೂತು ಬೆಲೆ ಮಾತಾಡಲು ಬ್ರೋಕರ್ ಬಿಡುವುದಿಲ್ಲ. ಕ್ರಯಪತ್ರದಲ್ಲಿ 85 ಬರೆಸಿ, ಉಳಿದದ್ದನ್ನು ಪಾರ್ಟಿಯಿಂದ ನಗದಾಗಿ ಪಡೆಯುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮಿನ ಪ್ರಕಾರ, ಏಜೆಂಟ್ ನಿಮಗೆ ತಿಳಿಸದೆ ನಿಮ್ಮದೇ ಕೆಲಸದಲ್ಲಿ ತನ್ನ ಲೆಕ್ಕಕ್ಕೆ ವ್ಯಾಪಾರ ಮಾಡಿಕೊಂಡರೆ, ಅದರಿಂದ ಬಂದ ಲಾಭವನ್ನು ನೀವು ಕೇಳಿ ಪಡೆಯಬಹುದು. ಆದರೆ "ಮೇಲೆ ಬಂದದ್ದು ನೀವೇ ಇಟ್ಕೊಳ್ಳಿ" ಅಂತ ಮೊದಲೇ ಒಪ್ಪಿಬಿಟ್ಟಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಆ ಪ್ರಶ್ನೆಗೆ ಉತ್ತರ ಒಂದೇ: "ಪಾರ್ಟಿ ಕೊಡುವ ಬೆಲೆ ಪೂರ್ತಿ ನನ್ನದು. ನಿಮ್ಮ ಕಮಿಷನ್ ಬೇರೆ, ಅದು ಇಷ್ಟು."

ಇಷ್ಟು ಅಂದರೆ ಎಷ್ಟು?

ಹಳೆಯ ಫ್ಲ್ಯಾಟು, ಸ್ವತಂತ್ರ ಮನೆಗಳ ಮರುಮಾರಾಟದಲ್ಲಿ ಮಾರುವವರಿಂದ ಶೇ. 1ರಿಂದ 2 ಕೇಳುವುದು ರೂಢಿ. ಕೊಳ್ಳುವವರಿಂದಲೂ ಅಷ್ಟೇ ಕೇಳುತ್ತಾರೆ. ಬೆಲೆ ಕೋಟಿಗಳಿಗೆ ಏರಿದಂತೆ ಪರ್ಸೆಂಟ್ ಇಳಿಯುತ್ತದೆ, ಸಣ್ಣ ಸೈಟುಗಳಿಗೆ ಒಟ್ಟು ಮೊತ್ತ ಮಾತಾಡಿಕೊಳ್ಳುವುದೂ ಉಂಟು. ಯಾವುದೂ ಕಾನೂನು ಕಟ್ಟಿದ ದರವಲ್ಲ. "ರೇರಾದಲ್ಲಿ ಶೇ. 2 ಅಂತ ಫಿಕ್ಸ್ ಆಗಿದೆ" ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 9ನೇ ಕಲಂ, ನೋಂದಾಯಿತ ಯೋಜನೆಗಳಲ್ಲಿ ಫ್ಲ್ಯಾಟು, ಸೈಟು ಮಾರಿಸುವ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು ಎನ್ನುತ್ತದೆ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆ ಆಸ್ತಿಯ ಬೆಲೆಯ ಶೇ. 5ರವರೆಗೆ. ಕಮಿಷನ್ ಎಷ್ಟಿರಬೇಕು ಎಂಬ ಬಗ್ಗೆ ಕಾಯ್ದೆ ಮಾತಾಡುವುದೇ ಇಲ್ಲ. ಇಪ್ಪತ್ತು ವರ್ಷದ ಹಳೆಯ ಮನೆ ಮಾರಿಸಲು ಈ ನೋಂದಣಿ ಬೇಕಿಲ್ಲ. ಆದರೂ ಕರ್ನಾಟಕ ರೇರಾ ಜಾಲತಾಣದ ಏಜೆಂಟರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಇದ್ದರೆ, ನಾಳೆ ಎಡವಟ್ಟಾದಾಗ ಹುಡುಕಲು ಒಂದು ವಿಳಾಸವಾದರೂ ಸಿಗುತ್ತದೆ.

ಈಗ 90 ಲಕ್ಷದ ಫ್ಲ್ಯಾಟಿನ ಲೆಕ್ಕ. ಶೇ. 2 ಅಂದರೆ 1,80,000. ಬ್ರೋಕರ್ ಜಿಎಸ್‌ಟಿ ನೋಂದಾಯಿತರಾಗಿದ್ದರೆ ಅದರ ಮೇಲೆ ಶೇ. 18, ಅಂದರೆ 32,400. ಒಟ್ಟು 2,12,400. ಶೇ. 1 ಆದರೆ ತೆರಿಗೆ ಸೇರಿ 1,06,200. ಹೆಚ್ಚಿನವರು ಮರೆಯುವುದು ಈ ಜಿಎಸ್‌ಟಿಯನ್ನೇ. "ಶೇ. 2, ಎಲ್ಲ ಸೇರಿ" ಎಂದು ಮೊದಲೇ ಬರೆಸಿಕೊಳ್ಳದಿದ್ದರೆ ಕೊನೆಯ ದಿನ ಬಿಲ್ಲಿನಲ್ಲಿ ಅದು ಮೇಲೇರಿ ಬರುತ್ತದೆ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಬ್ರೋಕರ್ ನೋಂದಣಿ ಮಾಡಿಸಬೇಕಿಲ್ಲ, ಮಾಡಿಸದವರು ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಸಂಖ್ಯೆ ಕೇಳಿ. 15 ಅಕ್ಷರ, ಅಂಕಿಗಳ ಆ ಸಂಖ್ಯೆ ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

"ನಿಮ್ಮಿಂದ ಏನೂ ಬೇಡ, ಕೊಳ್ಳುವವರ ಹತ್ತಿರ ತಗೋತೀನಿ" ಎಂಬ ಮಾತಿಗೂ ಬೆಲೆ ಇದೆ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಶೇ. 5 ಮುದ್ರಾಂಕ ಶುಲ್ಕ, ನಗರಗಳಲ್ಲಿ ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 2 ನೋಂದಣಿ ಶುಲ್ಕ. 90 ಲಕ್ಷಕ್ಕೆ ಇದೇ 6,84,000 ಆಗುತ್ತದೆ. ಕೊಳ್ಳುವವರು ಇದನ್ನೂ ಕಮಿಷನ್ನನ್ನೂ ಕೂಡಿಸಿಯೇ ನಿಮ್ಮ ಮನೆಗೆ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕುವುದು. ಅವರ ಕಡೆ ಏರಿಸಿದ ಕಮಿಷನ್ ಸುತ್ತಿ ಬಳಸಿ ನಿಮ್ಮ ಬೆಲೆಯನ್ನೇ ತಿನ್ನುತ್ತದೆ. ಅದಕ್ಕೇ ಎರಡೂ ಕಡೆ ಎಷ್ಟೆಷ್ಟು ತೆಗೆದುಕೊಳ್ಳುತ್ತೀರಿ ಎಂದು ನೇರವಾಗಿ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಬ್ರೋಕರ್‌ಗೆ ಅವಸರ ಯಾಕೆ?

90ಕ್ಕೆ ಹೇಳಿದ ಮನೆಗೆ ಪಾರ್ಟಿ 88 ಅನ್ನುತ್ತಾರೆ. ನಿಮಗೆ ಅದು 2 ಲಕ್ಷದ ಪ್ರಶ್ನೆ. ಶೇ. 2ರ ಬ್ರೋಕರ್‌ಗೆ ಬರೀ 4,000 ರೂಪಾಯಿಯದು. ಆ 4,000ಕ್ಕಾಗಿ ಇನ್ನೊಂದು ತಿಂಗಳು ಓಡಾಡುವುದಕ್ಕಿಂತ "ಒಳ್ಳೆ ಪಾರ್ಟಿ ಸಾರ್, ಬಿಡಬೇಡಿ" ಎಂದು ನಿಮ್ಮನ್ನೇ ಒಪ್ಪಿಸುವುದು ಅವರಿಗೆ ಲಾಭ. ಇದರಲ್ಲಿ ಮೋಸ ಇಲ್ಲ, ಪರ್ಸೆಂಟ್ ಲೆಕ್ಕವೇ ಹಾಗೆ.

ಇದಕ್ಕೆ ಮದ್ದು ಮೆಟ್ಟಿಲು ಕಮಿಷನ್. ಉದಾಹರಣೆಗೆ 85 ಲಕ್ಷದವರೆಗೆ ಶೇ. 1, ಅದರ ಮೇಲೆ ಬಂದ ಹಣಕ್ಕೆ ಶೇ. 15. 85ಕ್ಕೇ ಹೋದರೆ ಬ್ರೋಕರ್‌ಗೆ 85,000; 88ಕ್ಕೆ ಹೋದರೆ 1,30,000; 90 ಮುಟ್ಟಿದರೆ 1,60,000. ಇಲ್ಲಿ ಕೊನೆಯ 2 ಲಕ್ಷಕ್ಕೆ ಅವರಿಗೆ 30,000 ಸಿಗುತ್ತದೆ. ಚೌಕಾಸಿಯಲ್ಲಿ ನಿಮ್ಮ ಪರ ನಿಲ್ಲಲು ಅಷ್ಟು ಸಾಕು. ಕೆಟ್ಟುಹೋಗುವುದು ಮೊದಲ ಮೆಟ್ಟಿಲನ್ನು ತೀರಾ ಕೆಳಗಿಟ್ಟಾಗ. ನಿಮ್ಮ ಮನೆ ಹೇಗಿದ್ದರೂ 88ಕ್ಕೆ ಹೋಗುವಂಥದ್ದಾದರೆ, 80ಕ್ಕೆ ಮೆಟ್ಟಿಲಿಟ್ಟು 8 ಲಕ್ಷದ ಮೇಲೆ ಶೇ. 15 ಸುಮ್ಮನೆ ಕೊಟ್ಟಂತೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಕಳೆದ ಆರು ತಿಂಗಳಲ್ಲಿ ಮಾರಾಟವಾದ ಎರಡು ಮೂರು ಫ್ಲ್ಯಾಟುಗಳ ಬೆಲೆಯನ್ನು ಅಸೋಸಿಯೇಷನ್‌ನವರ ಬಳಿ ಕೇಳಿ, ಚದರಡಿ ಲೆಕ್ಕ ಹಾಕಿ ಆಮೇಲೆ ಮೆಟ್ಟಿಲು ನಿಲ್ಲಿಸಿ. ಸರ್ಕಾರದ ಗೈಡೆನ್ಸ್ ವ್ಯಾಲ್ಯೂ ಇದಕ್ಕೆ ಅಳತೆಗೋಲಲ್ಲ. ಅದು ಮುದ್ರಾಂಕ ಶುಲ್ಕಕ್ಕೆ ಇಟ್ಟ ಕನಿಷ್ಠ ಬೆಲೆ.

ಯಾವಾಗ ಕೊಡುವುದು?

ಪರ್ಸೆಂಟಿಗಿಂತ ಹೆಚ್ಚು ಜಗಳ ಆಗುವುದು ಇಲ್ಲಿ. ಟೋಕನ್ ಬಿದ್ದ ದಿನವೇ ಅರ್ಧ, ಅಗ್ರಿಮೆಂಟ್ ದಿನ ಉಳಿದರ್ಧ ಎಂದು ಕೇಳುವವರಿದ್ದಾರೆ. ಕೊಟ್ಟ ಮೇಲೆ ಪಾರ್ಟಿಯ ಬ್ಯಾಂಕ್ ಸಾಲ ಮಂಜೂರಾಗುವುದಿಲ್ಲ. ಇಲ್ಲವೇ ಇ-ಖಾತಾದಲ್ಲಿನ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಹೆಸರು, ಅಳತೆ ಕ್ರಯಪತ್ರಕ್ಕೆ ತಾಳೆಯಾಗದೆ ನೋಂದಣಿ ನಿಲ್ಲುತ್ತದೆ. ವ್ಯಾಪಾರ ಮುರಿದು ಬೀಳುತ್ತದೆ. ಪಾರ್ಟಿಗೆ ಅಡ್ವಾನ್ಸ್ ನೀವು ವಾಪಸ್ ಕೊಡಬೇಕು, ಬ್ರೋಕರ್ ಮಾತ್ರ "ನನ್ನ ಕೆಲಸ ನಾನು ಮಾಡಿದೆ" ಎನ್ನುತ್ತಾರೆ. ಕರಾರು ಕಾಯ್ದೆಯ 219ನೇ ಕಲಮಿನಂತೆ ಬೇರೆ ಒಪ್ಪಂದ ಇಲ್ಲದಿದ್ದಾಗ, ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಏಜೆಂಟರ ಸಂಭಾವನೆ ಬಾಕಿ ಎನಿಸುವುದೇ ಇಲ್ಲ. ಆ ಕೆಲಸ ಯಾವುದು ಎಂಬುದನ್ನು ನೀವೇ ಬರೆದಿಡಿ: "ಕ್ರಯಪತ್ರ ನೋಂದಣಿಯಾಗಿ ಪೂರ್ತಿ ಹಣ ಮಾರುವವರ ಖಾತೆಗೆ ಬಂದ ಮೇಲೆ". ತೀರಾ ಒತ್ತಾಯ ಮಾಡಿದರೆ ಅಗ್ರಿಮೆಂಟ್ ದಿನ ಕಾಲು ಭಾಗ ಕೊಡಿ, ಮುರಿದರೆ ಹಿಂದಿರುಗಿಸಬೇಕೆಂಬ ಷರತ್ತಿನ ಮೇಲೆ.

ಇಷ್ಟಕ್ಕೆ ದೊಡ್ಡ ಕರಾರು ಬೇಡ. ಒಂದು ಪುಟದ ಪತ್ರ, ಇಬ್ಬರ ಸಹಿ ಸಾಕು. ಅದರಲ್ಲಿ ದರ, ಜಿಎಸ್‌ಟಿ ಒಳಗೋ ಹೊರಗೋ, ಕೊಡುವ ದಿನ, ಒಪ್ಪಂದದ ಅವಧಿ ಇರಲಿ. ಒಬ್ಬರಿಗೇ ವಹಿಸುವುದಾದರೆ 60 ದಿನ ಸಾಕು, 90 ದಾಟಬೇಡಿ. ಇನ್ನೂ ಎರಡು ಸಾಲು ಮರೆಯದೆ ಸೇರಿಸಬೇಕು. ಮೊದಲನೆಯದು, ನೀವಾಗಿ ಹುಡುಕಿದ ಪಾರ್ಟಿಗೆ ಕಮಿಷನ್ ಇಲ್ಲ ಎಂಬುದು. ಈಗಿನ ಬಾಡಿಗೆದಾರರು, ಪಕ್ಕದ ಮನೆಯವರು, ಆಗಲೇ ವಿಚಾರಿಸಿದ ನೆಂಟರು, ಇವರ ಹೆಸರುಗಳನ್ನು ಅಲ್ಲೇ ಬರೆಯಿರಿ. ಎರಡನೆಯದು ಅವಧಿ ಮುಗಿದ ಮೇಲಿನ ಮಾತು. ಬ್ರೋಕರ್ ತೋರಿಸಿದ ಪಾರ್ಟಿ ನಂತರ ಬಂದು ಕೊಂಡರೆ ಕಮಿಷನ್ ಕೊಡುವುದು ನ್ಯಾಯವೇ, ಆದರೆ ಎಷ್ಟು ತಿಂಗಳವರೆಗೆ? ಮೂರು ತಿಂಗಳು ಎಂದು ಮಿತಿ ಹಾಕಿ.

ಹಲವರಿಗೆ ಹೇಳಿದ್ದರೆ ಇನ್ನೊಂದು ತಲೆನೋವು. ಒಂದೇ ಪಾರ್ಟಿಯನ್ನು ಇಬ್ಬರು ಬ್ರೋಕರ್‌ಗಳು ಕರೆತರುತ್ತಾರೆ, ಇಬ್ಬರೂ ಪೂರ್ತಿ ಕಮಿಷನ್ ಕೇಳುತ್ತಾರೆ. ಇದಕ್ಕೆ ಉಪಾಯ ಸರಳ. ಮನೆ ನೋಡಲು ಯಾರೇ ಬರಲಿ, ಮೊದಲು ಬ್ರೋಕರ್ ವಾಟ್ಸಾಪ್‌ನಲ್ಲಿ ಪಾರ್ಟಿಯ ಹೆಸರು, ದಿನಾಂಕ ಕಳಿಸಬೇಕು. "ಸರಿ" ಎಂದು ನೀವು ಉತ್ತರ ಕೊಟ್ಟ ಮೇಲೆಯೇ ಬೀಗ ತೆಗೆಯುವುದು. ಹೆಸರು ಮೊದಲು ಕಳಿಸಿದವರೇ ಕಮಿಷನ್‌ಗೆ ಹಕ್ಕುದಾರರು. ಒಬ್ಬ ಬ್ರೋಕರ್ ಹಿಂದೆ ಇನ್ನಿಬ್ಬರು ಇದ್ದರೆ ಅವರವರಲ್ಲೇ ಹಂಚಿಕೊಳ್ಳಲಿ. ಮಾಲೀಕರು ಕೊಡುವುದು ಒಬ್ಬರಿಗೆ, ಒಂದೇ ಸಲ.

ಕಮಿಷನ್ ಹೊರತಾದ ಸಣ್ಣ ಪುಟ್ಟ ಖರ್ಚು

"ಖಾತಾ, ಇಸಿ ಎಲ್ಲ ನಾನೇ ಮಾಡಿಸ್ತೀನಿ, 25,000 ಕೊಡಿ" ಎಂಬಂಥ ಬೇಡಿಕೆ ಬರುತ್ತದೆ. ಇಸಿಯನ್ನು, ಅಂದರೆ ಆಸ್ತಿಯ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕೂತು ಅಲ್ಪ ಶುಲ್ಕ ಕಟ್ಟಿ ಪಡೆಯಬಹುದು. ಇ-ಖಾತಾಕ್ಕೂ ಆನ್‌ಲೈನ್ ಅರ್ಜಿ ಇದೆ. ಓಡಾಡಲು ಆಗದವರು ಕೆಲಸ ವಹಿಸಲಿ, ತಪ್ಪಲ್ಲ. ಆದರೆ ಸರ್ಕಾರಿ ಶುಲ್ಕ ರಸೀದಿಯಂತೆ, ಓಡಾಟದ ಕೂಲಿ ಬೇರೆ ಎಂದು ವಿಂಗಡಿಸಿ. ಈ ಕಾಗದಗಳು ಪಾರ್ಟಿ ಹುಡುಕುವ ಮೊದಲೇ ಸಿದ್ಧವಿದ್ದರೆ ಚೌಕಾಸಿಯಲ್ಲಿ ನಿಮ್ಮ ಕೈ ಮೇಲಾಗುತ್ತದೆ. "ಖಾತಾ ಇನ್ನೂ ಆಗಿಲ್ಲ" ಎಂಬ ಒಂದೇ ಕಾರಣಕ್ಕೆ ಬೆಲೆ ಇಳಿಸಿ ಕೇಳುವುದುಂಟು. ಮನೆ ಮೇಲೆ ಸಾಲವಿದ್ದರೆ, ತೀರಿಸಿದ 30 ದಿನದೊಳಗೆ ಬ್ಯಾಂಕ್ ಮೂಲಪತ್ರ ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಬ್ರೋಕರ್ ಕೈಗೆ ಮೂಲಪತ್ರ ಕೊಡಬೇಡಿ. ಜೆರಾಕ್ಸ್ ಸಾಕು, ಪ್ರತಿ ಪುಟದ ಮೇಲೂ "ಮಾರಾಟ ಪರಿಶೀಲನೆಗೆ ಮಾತ್ರ" ಎಂದು ದಿನಾಂಕ ಸಹಿತ ಅಡ್ಡಲಾಗಿ ಬರೆದು ಕೊಡಿ. ಮಾರಾಟದ ಜಿಪಿಎ (ನಿಮ್ಮ ಪರವಾಗಿ ಮಾರಲು ಕೊಡುವ ಅಧಿಕಾರಪತ್ರ) ಅಂತೂ ಬೇಡವೇ ಬೇಡ. ಅಮೆರಿಕ, ಕೊಲ್ಲಿ ದೇಶಗಳಲ್ಲಿ ಕೂತು ಮೈಸೂರು, ಮಂಗಳೂರಿನ ಮನೆ ಮಾರುವವರು ಇಲ್ಲೇ ಎಡವುವುದು. ಪವರ್ ಆಫ್ ಅಟಾರ್ನಿ ಬೇಕೇ ಬೇಕಾದರೆ ಅಣ್ಣನಿಗೋ ತಂಗಿಗೋ ಕೊಡಿ, ಈ ಒಂದು ಆಸ್ತಿಗೆ ಮಾತ್ರ. ವಿದೇಶದಲ್ಲಿ ಮಾಡಿಸಿದ್ದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.

ತೆರಿಗೆಯಲ್ಲಿ ಸ್ವಲ್ಪ ವಾಪಸ್

ಕಮಿಷನ್ ಪೂರ್ತಿ ಕೈಬಿಟ್ಟ ಹಣವಲ್ಲ. ಮನೆ ಮಾರಿ ಬಂದ ಲಾಭ ಲೆಕ್ಕ ಹಾಕುವಾಗ ಮಾರಾಟಕ್ಕಾಗಿಯೇ ಮಾಡಿದ ಖರ್ಚನ್ನು ಕಳೆಯಬಹುದು. ಬ್ರೋಕರೇಜ್ ಅದರಲ್ಲಿ ಮೊದಲನೆಯದು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ. 12.5 ತೆರಿಗೆ, ಸೆಸ್ ಸೇರಿ ಶೇ. 13. ಆ ಲೆಕ್ಕದಲ್ಲಿ 2,12,400 ಕೊಟ್ಟವರಿಗೆ 27,612 ರೂಪಾಯಿ ತೆರಿಗೆ ಉಳಿಯುತ್ತದೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಜೊತೆ ಶೇ. 20ರ ಲೆಕ್ಕವನ್ನೂ ಇಲ್ಲೇ ವಾಸವಿರುವವರು ಹಾಕಿ ನೋಡಬಹುದು, ಯಾವುದು ಕಡಿಮೆಯೋ ಅದು. ಹೊಸ ಮನೆ ಕೊಂಡು ಇಡೀ ಲಾಭಕ್ಕೆ ವಿನಾಯಿತಿ ಪಡೆಯುವವರಿಗೆ ಈ ಉಳಿತಾಯ ಇಲ್ಲ.

ನಗದು ಕೊಟ್ಟು ಚೀಟಿ ಇಲ್ಲದಿದ್ದರೆ ಇದನ್ನು ಸಾಬೀತುಪಡಿಸುವುದು ಕಷ್ಟ. ಬ್ಯಾಂಕ್ ಮೂಲಕವೇ ಕೊಡಿ. ರಸೀದಿಯಲ್ಲಿ ಆಸ್ತಿಯ ವಿಳಾಸ, ಬ್ರೋಕರ್‌ನ ಪ್ಯಾನ್, ಮೊತ್ತ ಇರಲಿ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಎಂಬ ಸಲಹೆ ಬಂದಾಗ ಎರಡನ್ನೂ ತೂಗಿ ನೋಡಿ: ಉಳಿಯುವುದು 32,400, ಹೋಗುವುದು 27,612ರ ತೆರಿಗೆ ಲಾಭ, ಜೊತೆಗೆ ಕೊಟ್ಟಿದ್ದಕ್ಕೆ ಪುರಾವೆ. ಅಷ್ಟಕ್ಕೆ ತೆರಿಗೆ ಕಳ್ಳತನಕ್ಕೆ ಕೈಜೋಡಿಸಬೇಕೇ?

ಇನ್ನೊಂದು ಗೊಂದಲ. 50 ಲಕ್ಷ ಅಥವಾ ಮೇಲ್ಪಟ್ಟ ಮಾರಾಟದಲ್ಲಿ ಪಾರ್ಟಿ ಶೇ. 1 ಟಿಡಿಎಸ್ ಹಿಡಿದು ಕೊಡುತ್ತಾರೆ, 90 ಲಕ್ಷಕ್ಕೆ 90,000. ಇದು ಖರ್ಚಲ್ಲ, ನಿಮ್ಮ ಪ್ಯಾನ್‌ಗೆ ಜಮೆಯಾಗುವ ತೆರಿಗೆ. ಮಾರುವವರು ಅನಿವಾಸಿಯಾದರೆ ಶೇ. 1ರ ನಿಯಮ ಇಲ್ಲ, ಹಿಡಿಯುವ ಮೊತ್ತ ಬಹಳ ದೊಡ್ಡದು. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅಗ್ರಿಮೆಂಟ್ ಆದ ಕೂಡಲೇ ಅರ್ಜಿ ಹಾಕಬೇಕು.

ಬ್ರೋಕರ್ ಬೇಕೇ ಬೇಕೇ?

ನೋಬ್ರೋಕರ್, 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್‌ನಂಥ ತಾಣಗಳಲ್ಲಿ ನೀವೇ ಹಾಕಬಹುದು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲೇ ಪಾರ್ಟಿ ಸಿಗುವುದುಂಟು. ಆದರೆ ಖಾಲಿ ಬಿದ್ದ ಮನೆಗೂ ಖರ್ಚಿದೆ. 90 ಲಕ್ಷಕ್ಕೆ ವರ್ಷಕ್ಕೆ ಶೇ. 7 ಬಡ್ಡಿ ಹಿಡಿದರೂ ತಿಂಗಳಿಗೆ 52,500, ಅದರ ಮೇಲೆ ಮೇಂಟೆನೆನ್ಸ್. ಬ್ರೋಕರ್ ಎರಡು ತಿಂಗಳು ಮೊದಲೇ ಮಾರಿಸಿಕೊಟ್ಟರೆ ಶೇ. 1 ಕಮಿಷನ್ ಅಲ್ಲೇ ಹುಟ್ಟಿತು. ಊರಿನಲ್ಲೇ ಇದ್ದು ಶನಿವಾರ ಭಾನುವಾರ ಬೀಗ ತೆಗೆದು ತೋರಿಸಬಲ್ಲವರು ಮೊದಲ 30 ದಿನ ಸ್ವತಃ ಪ್ರಯತ್ನಿಸಲಿ, ಆಗದಿದ್ದರೆ ಒಬ್ಬರಿಗೆ ವಹಿಸಲಿ. ವಾಸ್ತು ಸರಿಯಿಲ್ಲದ ಮುಖದ ಮನೆ, ಪಾಲುದಾರರು ಹೆಚ್ಚಿರುವ ಆಸ್ತಿ, ಬಿ-ಖಾತಾ (ನಿಯಮಬದ್ಧವಲ್ಲದ ಆಸ್ತಿಯ ಖಾತಾ) ಇಂಥವಕ್ಕೆ ಆ ಬಡಾವಣೆಯಲ್ಲೇ ಪಳಗಿದ ಬ್ರೋಕರ್ ಶೇ. 2 ಕೇಳಿದರೂ ದುಬಾರಿಯಲ್ಲ.

ರಿಜಿಸ್ಟ್ರೇಷನ್ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಹತ್ತಿರ ಬ್ರೋಕರ್ ಚೆಕ್ಕಿಗೆ ಕಾಯುತ್ತಿರುತ್ತಾರೆ. ಪಾರ್ಟಿಯ ಬ್ಯಾಂಕಿನ ಡಿಡಿಯಲ್ಲಿ ನಿಮ್ಮ ಹೆಸರಿನ ಕಾಗುಣಿತ, ಮೊತ್ತ ನೋಡಿ, ಹೆಬ್ಬೆಟ್ಟು ಒತ್ತಿ ಬನ್ನಿ. ಡಿಡಿ ನಿಮ್ಮ ಖಾತೆಗೆ ಜಮೆಯಾದ ಮೆಸೇಜ್ ಬಂದ ಮೇಲೆ ಕಮಿಷನ್ ವರ್ಗಾಯಿಸಿ, ರಸೀದಿ ಪಡೆದು, ಕೊಟ್ಟಿದ್ದ ಜೆರಾಕ್ಸ್ ಮತ್ತು ಬೀಗದ ಕೈ ವಾಪಸ್ ಇಸಿದುಕೊಳ್ಳಿ. ಆನ್‌ಲೈನ್ ಜಾಹೀರಾತನ್ನು ಅಲ್ಲೇ ಮೊಬೈಲಿನಲ್ಲಿ ತೆಗೆಸಿಬಿಡಿ, ಇಲ್ಲದಿದ್ದರೆ ಮುಂದಿನ ಯುಗಾದಿವರೆಗೂ ಫೋನು ಬರುತ್ತಲೇ ಇರುತ್ತದೆ.